ಮೇಜಿನ ಮೇಲೆ ಸರಿ, ಕೈಯಲ್ಲಿ ನಿಧಾನ

ಕೇಳುಗರಿಗೆ ನಮಸ್ಕಾರ. ನಾನು ತುಮಕೂರಿನ ಮಂಡಿಪೇಟೆ ಹತ್ತಿರ ಕೂತು ವಾಚ್ ರಿಪೇರಿ ಮಾಡುವವನು. ಇವತ್ತು ಒಂದು ಎಚ್‌ಎಂಟಿ ಜನತಾ ವಾಚಿನ ವಿಷಯ ಹೇಳುತ್ತೇನೆ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾಯಿತು. ಆಮೇಲೆ ನಮ್ಮ ತುಮಕೂರಿಗೂ ಕಾರ್ಖಾನೆ ಬಂತು. ಅದು ಮುಚ್ಚಿತು, ಜಾಗ ಇಸ್ರೋಗೆ ಹೋಯಿತು. ವಾಚುಗಳು ಮಾತ್ರ ಇನ್ನೂ ಮನೆಮನೆಯ ಬೀರುವಿನಲ್ಲಿವೆ.

ಆ ಕಾರ್ಖಾನೆಯಲ್ಲಿ ದುಡಿದವರೊಬ್ಬರ ಮಗಳು ಮೊನ್ನೆ ಅಪ್ಪನ ಜನತಾ ತಂದಿದ್ದರು. "ಅಣ್ಣಾ, ರಾತ್ರಿ ಮೇಜಿನ ಮೇಲಿಟ್ಟರೆ ಸರಿಯಾಗೇ ಓಡುತ್ತೆ. ಕೈಗೆ ಕಟ್ಟಿದರೆ ಸಂಜೆ ಹೊತ್ತಿಗೆ ಎರಡು ನಿಮಿಷ ಹಿಂದೆ" ಅಂದರು. ಅರ್ಧ ರಿಪೇರಿ ಆ ಮಾತಲ್ಲೇ ಆಯಿತು.

ಹಿಂದಿನ ಮುಚ್ಚಳ ತೆಗೆದರೆ ಆ ಕಡೆ ಈ ಕಡೆ ತಿರುಗುತ್ತಾ ಇರುವ ಚಕ್ರ ಕಾಣುತ್ತೆ, ಅದೇ ಬ್ಯಾಲೆನ್ಸ್. ಜನತಾದಲ್ಲಿ ಸೆಕೆಂಡಿಗೆ 5 ಬಡಿತ, ದಿನಕ್ಕೆ 4,32,000. ದಿನಕ್ಕೆ ಒಂದು ನಿಮಿಷ ತಪ್ಪಿತು ಅಂದರೆ ಸಾವಿರ ಬಡಿತಕ್ಕೆ ಒಂದೂ ಪೂರ್ತಿ ತಪ್ಪಿಲ್ಲ! ಅಷ್ಟು ನಾಜೂಕಿನ ಕೆಲಸ ಅದು.

ನಾನು ನೋಡಿದಾಗ ವೇಗದ ಕಡ್ಡಿಯನ್ನು ಯಾರೋ 'ಫಾಸ್ಟ್' ಕಡೆಗೆ ಕೊನೆಯ ತನಕ ತಳ್ಳಿದ್ದರು. ನನಗೆ ಬೇಸರವಾಗುವುದು ಇಲ್ಲೇ. ರೋಗ ನೋಡದೆ ಕಡ್ಡಿ ತಳ್ಳಬಾರದು. ವಾಚು ಮಲಗಿಸಿಟ್ಟಾಗ ಸರಿ, ಕೈಯಲ್ಲಿ ನೆಟ್ಟಗಿದ್ದಾಗ ತಪ್ಪು ಅಂದರೆ ಮೊದಲು ಬ್ಯಾಲೆನ್ಸಿನ ಇರುಸು ನೋಡಬೇಕು. ಅದರ ತುದಿ ನಮ್ಮ ಕೂದಲೆಳೆಯಷ್ಟೇ ದಪ್ಪ. ಸವೆದಿದ್ದರೆ ಇರುಸನ್ನೇ ಬದಲಿಸಬೇಕು. ಇದರಲ್ಲಿ ತುದಿ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಅಂದರೆ ಯಾರೋ ಇರುಸು ಹಾಕಿದ್ದಾರೆ, ಚಕ್ರದ ತೂಕ ಸುತ್ತಲೂ ಸಮ ಇದೆಯಾ ಅಂತ ನೋಡಿಲ್ಲ.

ಚಕ್ರವನ್ನು ಆ ಕಡೆ ಈ ಕಡೆ ಆಡಿಸುವ ಕೂದಲಿನಂಥ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್ ಬಿಚ್ಚಿ, ಫ್ಯಾನ್ ನಿಲ್ಲಿಸಿ, ಚಕ್ರವನ್ನು ಎರಡು ನುಣುಪು ಅಂಚುಗಳ ಮೇಲೆ ಕೂರಿಸಿದೆ. ಕುಂಚದ ಒಂದು ಕೂದಲಿಂದ ಮೆಲ್ಲಗೆ ಮುಟ್ಟಿದೆ. ಉರುಳಿತು, ತೂಗಾಡಿತು, ನಿಂತಿತು. ಮತ್ತೆ ಮುಟ್ಟಿದೆ. ಪ್ರತಿ ಸಲವೂ ಅದೇ ಜಾಗ ಕೆಳಗೆ ಬಂದು ನಿಲ್ಲುತ್ತಿತ್ತು. ಭಾರ ಅಲ್ಲೇ ಜಾಸ್ತಿ ಅಲ್ವಾ? ಅಲ್ಲಿ ಚಕ್ರದ ಅಡಿಭಾಗದಿಂದ ಒಂದು ಚೂರು ಹೆರೆದೆ. ಉಸಿರು ಬಿಟ್ಟರೆ ಹಾರುವಷ್ಟು ಪುಡಿ. ಒಂದೇ ಸಲ ಜಾಸ್ತಿ ಹೆರೆದರೆ ಮತ್ತೆ ಅಂಟಿಸಲಾಗಲ್ಲ. ಅದಕ್ಕೇ ಹೆರೆಯುವುದು, ಉರುಳಿಸುವುದು, ಮತ್ತೆ ಹೆರೆಯುವುದು. ಮಧ್ಯಾಹ್ನದ ಊಟ ತಣ್ಣಗಾಯಿತು. ಕೊನೆಗೆ ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು.

ಹೇರ್‌ಸ್ಪ್ರಿಂಗನ್ನು ಮೊದಲಿದ್ದ ಜಾಗಕ್ಕೇ ಕೂರಿಸಬೇಕು. ಇಲ್ಲದಿದ್ದರೆ ವಾಚು ಕುಂಟುವವರ ಹೆಜ್ಜೆಯ ಹಾಗೆ ಬಡಿಯುತ್ತೆ. ಕಿವಿಗಿಟ್ಟು ಕೇಳಿದೆ, ಸಮನಾಗಿತ್ತು. ಭಾರ ಇಳಿದದ್ದರಿಂದ ಈಗ ವಾಚು ಸ್ವಲ್ಪ ಮುಂದೆ ಓಡುತ್ತಿತ್ತು. ಆಗ ಮಾತ್ರ ಕಡ್ಡಿಗೆ ಕೈ ಹಾಕಿದೆ. ಫಾಸ್ಟ್ ಕೊನೆಯಿಂದ ಹಿಂದಕ್ಕೆ ತಂದೆ, ಹೆಚ್ಚುಕಡಿಮೆ ನಡುವಿಗೇ ಬಂತು.

ಮೂರು ದಿನ ನಾನೇ ಕಟ್ಟಿಕೊಂಡು ಓಡಾಡಿದೆ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಟ್ಟೆ. ನಾಲ್ಕನೇ ದಿನ ಆ ಮಗಳು ಬಂದು, ವಾಚನ್ನು ಅಪ್ಪನ ಕಿವಿಯ ಹತ್ತಿರ ಹಿಡಿಯಬೇಕು ಅಂತ ಹೇಳಿ ತೆಗೆದುಕೊಂಡು ಹೋದರು.