ಗಾಡಿ ಮುಟ್ಟೋನ ಹತ್ರ ಮಾತಾಡಿ

ಎಲ್ರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಇಷ್ಟು ಜನ ಬಂದಿದೀರ, ತುಂಬಾ ಖುಷಿ ಆಯ್ತು. ಸಂಘದೋರು ಕೊಟ್ಟಿರೋ ವಿಷ್ಯ ನಿಮಗೆ ಗೊತ್ತೇ ಇದೆ, ಕಾರನ್ನ ಶೋರೂಮಲ್ಲೇ ಸರ್ವಿಸ್ ಮಾಡಿಸ್ಬೇಕಾ ಇಲ್ಲಾ ಹೊರಗಡೆ ಗ್ಯಾರೇಜಿಗೆ ಬಿಡಬಹುದಾ ಅಂತ. ನಾನು ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡಿಗೆ ಪಾಠ ಮಾಡಿದೋನು, ಎರಡು ವರ್ಷದ ಕೋರ್ಸು ಅದು, ನನ್ನ ಹತ್ರ ಕಲಿತ ಹುಡುಗ್ರು ಇವತ್ತು ಎಸಿ ಹಾಕಿರೋ ಶೋರೂಮಲ್ಲೂ ಇದಾರೆ, ರಿಂಗ್ ರೋಡ್ ಪಕ್ಕ ಶೀಟ್ ಹೊದಿಸಿರೋ ಗ್ಯಾರೇಜಲ್ಲೂ ಇದಾರೆ. ಎಷ್ಟೋ ಜನ ಶೋರೂಮಲ್ಲಿ ನಾಕೈದು ವರ್ಷ ದುಡಿದು ಆಮೇಲೆ ಸ್ವಂತ ಗ್ಯಾರೇಜ್ ಇಟ್ಕೊಂಡೋರು. ಅದಕ್ಕೇ ಯಾರಾದ್ರೂ ಶೋರೂಮೋರೆಲ್ಲ ಕಳ್ಳರು ಅಂದ್ರೂ, ಗ್ಯಾರೇಜೋರೆಲ್ಲ ಡೂಪ್ಲಿಕೇಟ್ ಹಾಕ್ತಾರೆ ಅಂದ್ರೂ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ.

ಮೊದ್ಲು ವಾರಂಟಿ ವಿಷ್ಯ ಮುಗಿಸ್ಬಿಡ್ತೀನಿ. ಹೊರಗಡೆ ಸ್ಪ್ಯಾನರ್ ಮುಟ್ಟಿಸಿದ್ರೆ ವಾರಂಟಿ ಹೋಯ್ತು ಅಂತ ಎಲ್ರೂ ಹೆದರ್ತಾರಲ್ಲ, 2014ರ ಆಗಸ್ಟಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಅಂದ್ರೆ ಕಂಪನಿಗಳು ನ್ಯಾಯವಾಗಿ ಪೈಪೋಟಿ ಮಾಡ್ತಿದಾವಾ ಅಂತ ನೋಡೋ ಸರ್ಕಾರಿ ಸಂಸ್ಥೆ, 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕ್ತು. ಸ್ಪೇರ್ ಪಾರ್ಟ್ಸು, ರಿಪೇರಿ ಮಾಹಿತಿ, ಸ್ಕ್ಯಾನ್ ಮಾಡೋ ಟೂಲುಗಳು ಇವನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದಂಗೆ ಇಟ್ಕೊಂಡಿದ್ದೀರ ಅಂತ. ಅದೇ ಆದೇಶದಲ್ಲಿ ಹೊರಗಡೆ ಕೆಲ್ಸ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ಕ್ಯಾನ್ಸಲ್ ಮಾಡಂಗಿಲ್ಲ, ಹೊರಗಿನ ಕೆಟ್ಟ ರಿಪೇರಿಯಿಂದ ಏನು ಹಾಳಾಯ್ತೋ ಅಷ್ಟಕ್ಕೆ ಮಾತ್ರ ಇಲ್ಲ ಅನ್ನಬಹುದು ಅಂತ ಹೇಳಿತ್ತು. ಕಂಪನಿಗಳು ಮೇಲ್ಮನವಿ ಹೋದ್ವು, ವರ್ಷಗಟ್ಲೆ ಎಳೀತು. ಆದ್ರೆ ನಿಮ್ಮ ಗಾಡಿ ಕೆಟ್ಟು ನಿಂತಾಗ ಕೌಂಟರಲ್ಲಿ ಆ ಆದೇಶ ಹಿಡ್ಕೊಂಡು ವಾದ ಮಾಡೋಕೆ ಎಷ್ಟು ಜನಕ್ಕೆ ತಾಳ್ಮೆ ಇದೆ ಹೇಳಿ? ಹಾಗಾಗಿ ನನ್ನ ಸಲಹೆ, ವಾರಂಟಿ ಇರೋವರೆಗೂ ಕಂಪನಿ ಸರ್ವಿಸ್ಸೇ ಮಾಡ್ಸಿ. ಮಾರುತಿ 2024ರ ಜುಲೈನಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ಕೊಡ್ತಿದೆ, ಅಷ್ಟು ದಿನ ಒಂದೂ ಸರ್ವಿಸ್ ತಪ್ಪಿಸ್ದೆ ಬಿಲ್ಲೆಲ್ಲ ಫೈಲಲ್ಲಿ ಇಟ್ಕೊಳಿ. ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಿದ್ರೆ ಅದು ಮುಗಿಯೋವರೆಗೂ ಅಷ್ಟೆ.

ಈಗ ಒಂದು ಘಟನೆ ಹೇಳ್ತೀನಿ, ನಂದೇ ಕಾರಿಂದು. ಒಂದು ಶೋರೂಮಲ್ಲಿ ಆಯಿಲ್ ಬದಲಾಯಿಸಿಕೊಂಡು ಬಂದೆ, ಮಾರನೇ ದಿನ ಪಾರ್ಕಿಂಗ್ ಟೈಲ್ಸ್ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಎಣ್ಣೆ ಕಲೆ. ವಾಪಸ್ ತಗೊಂಡ್ಹೋದೆ. ಸರ್ವಿಸ್ ಅಡ್ವೈಸರ್, ಅಂದ್ರೆ ಕೌಂಟರಲ್ಲಿ ಗಿರಾಕಿ ಹತ್ರ ಮಾತಾಡೋ ಹುಡುಗ, ಒಳ್ಳೇವ್ನೆ, ಮರ್ಯಾದೆಯಾಗಿ ಕೂರಿಸಿ ಕಾಫಿ ಕೊಟ್ಟು, ಕಂಪ್ಯೂಟರ್ ನೋಡಿ, ಸರ್ ಆಯಿಲ್ ಪ್ಯಾನ್ ಬದಲಾಯಿಸ್ಬೇಕಾಗ್ಬಹುದು ಅಂತ ಎಸ್ಟಿಮೇಟ್ ಕೊಟ್ಟ, ಸಾವಿರಗಟ್ಲೆ ಇತ್ತು. ಎಂಜಿನ್ ಕೆಳಗೆ ಆಯಿಲ್ ನಿಲ್ಲೋ ತಟ್ಟೆನೇ ಆಯಿಲ್ ಪ್ಯಾನ್. ಗಾಡಿ ಕೆಳಗೆ ನೋಡಿದೋನಾ ನೀನು ಅಂದೆ, ಇಲ್ಲ ಸರ್ ಅಂದ. ನಿನ್ನೆ ಕೆಲ್ಸ ಮಾಡಿದ ಹುಡುಗನ್ನ ಕರಿಯಪ್ಪ ಅಂದೆ. ಹತ್ತು ನಿಮಿಷ ಆದ್ಮೇಲೆ ಬಂದ, ಗಾಡಿ ಲಿಫ್ಟ್ ಮೇಲೆ ಹಾಕಿ ಹಳೇ ಆಯಿಲ್ ಇಳಿಸೋಕೆ ಪ್ಯಾನ್ ಕೆಳಗಿರೋ ಡ್ರೈನ್ ಬೋಲ್ಟ್ ಸುತ್ತ ಬೆರಳಾಡಿಸಿದ, ಅವನಿಗೇ ತಕ್ಷಣ ಗೊತ್ತಾಯ್ತು. ಸರ್ ವಾಶರ್ ಹಳೇದೇ ಹಾಕ್ಬಿಟ್ಟಿದೀನಿ ಅಂದ. ಆ ವಾಶರ್ ಒಂದು ಸಲ ಟೈಟ್ ಮಾಡಿದ್ರೆ ಚಪ್ಪಟೆ ಆಗಿ ಬೋಲ್ಟಿಗೂ ಪ್ಯಾನಿಗೂ ಮಧ್ಯೆ ಕೂತ್ಕೊಳುತ್ತೆ, ಎರಡನೇ ಸಲ ಹಾಕಿದ್ರೆ ಸರಿಯಾಗಿ ಕೂರಲ್ಲ, ಸೋರುತ್ತೆ. ಹೊಸದು ಹಾಕ್ದ, ಸೋರೋದು ನಿಂತೋಯ್ತು. ಆ ಹುಡುಗ ಮೋಸಗಾರ ಅಲ್ಲ ಸ್ವಾಮಿ, ಬೆಳಗ್ಗಿಂದ ಅದು ಎಷ್ಟನೇ ಗಾಡಿಯೋ ಏನೋ ಪಾಪ. ಆದ್ರೆ ನಾನು ಅವನ್ನ ಕರೆಸ್ದೆ ಇದ್ದಿದ್ರೆ ಚೆನ್ನಾಗಿರೋ ಪ್ಯಾನನ್ನ ಬಿಚ್ಚಿ ಹೊಸದು ಹಾಕ್ತಿದ್ರು.

ಇದನ್ನೇ ನಾನು ಇವತ್ತು ಹೇಳ್ಬೇಕು ಅಂತ ಬಂದಿದ್ದು. ಶೋರೂಮಲ್ಲಿ ನೀವು ಮಾತಾಡೋದು ಅಡ್ವೈಸರ್ ಹತ್ರ, ಗಾಡಿ ಮುಟ್ಟೋನು ಗಾಜಿನ ಆ ಕಡೆ ಇರ್ತಾನೆ. ಅಡ್ವೈಸರಿಗೆ ತಿಂಗ್ಳಿಗಿಷ್ಟು ಅಂತ ಟಾರ್ಗೆಟ್ ಇರುತ್ತೆ, ಅದಕ್ಕೇ ಮಾಡೋ ಕೆಲ್ಸ ಬರೆಯೋ ಜಾಬ್ ಕಾರ್ಡಲ್ಲಿ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಡಿಸಿನ್ಫೆಕ್ಷನ್, ಇಂಟೀರಿಯರ್ ಪಾಲಿಶ್ ಅಂತ ಸಾಲಾಗಿ ಬರುತ್ತೆ. ಸೈನ್ ಹಾಕೋಕೆ ಮುಂಚೆ ಗ್ಲೋವ್ ಬಾಕ್ಸಲ್ಲಿರೋ ಮ್ಯಾನುಯಲ್ ತೆಗೆದು ಸರ್ವಿಸ್ ಶೆಡ್ಯೂಲ್ ಪುಟ ನೋಡಿ, ಅದರಲ್ಲಿ ಇಲ್ದೆ ಇದ್ರೆ, ಗಾಡಿನಲ್ಲಿ ತೊಂದ್ರೆನೂ ಇಲ್ದೆ ಇದ್ರೆ, ಬೇಡಪ್ಪ ಅಂತ ಹೊಡೆದು ಹಾಕ್ಸಿ. ಸಂಕೋಚ ಪಡ್ಬೇಡಿ, ಅದು ನಿಮ್ಮ ದುಡ್ಡು.

ಗ್ಯಾರೇಜಲ್ಲಿ ಪಕ್ಕದಲ್ಲೇ ನಿಂತು ನೋಡಬಹುದು, ಮೇಸ್ತ್ರಿ ಹಳೇ ಬ್ರೇಕ್ ಪ್ಯಾಡ್ ಕೈಗೆ ಕೊಟ್ಟು ನೋಡಿ ಸರ್ ಎಷ್ಟು ಸವೆದಿದೆ ಅಂತಾನೆ. ಅದು ದೊಡ್ಡ ಅನುಕೂಲ. ಲೇಬರ್ ಚಾರ್ಜೂ ಕಮ್ಮಿ. ಆದ್ರೆ ಅಲ್ಲಿನ ಅಪಾಯ ಬೇರೆ. ಈಗಿನ ಪೆಟ್ರೋಲ್ ಎಂಜಿನ್‌ಗಳಿಗೆ 0ಡಬ್ಲ್ಯು-16, 0ಡಬ್ಲ್ಯು-20 ಅಂತ ನೀರಿನಂಗೆ ತೆಳು ಇರೋ ಆಯಿಲ್ ಬರುತ್ತೆ, ಒಳಗಿನ ದಾರಿಗಳು ಅಷ್ಟು ಸಣ್ಣ. ಅದಕ್ಕೆ ಡ್ರಮ್ಮಿಂದ ಗಟ್ಟಿ ಇರೋ 20ಡಬ್ಲ್ಯು-40 ಸುರಿದೋರನ್ನ ನಾನು ನೋಡಿದೀನಿ, ಗಟ್ಟಿ ಇದ್ರೆ ಒಳ್ಳೇದು ಅನ್ನೋ ಹಳೇ ನಂಬಿಕೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅದು ಮೇಲೆ ಹತ್ತೋಕೇ ಟೈಮ್ ತಗೊಳುತ್ತೆ, ಮೈಲೇಜೂ ಇಳಿಯುತ್ತೆ. ಆಯಿಲನ್ನ ಸೀಲ್ ಇರೋ ಕ್ಯಾನಲ್ಲೇ ತಗೊಳಿ, ಗ್ರೇಡ್ ಮ್ಯಾನುಯಲಲ್ಲಿ ಇದೆ, ನಿಮ್ಮ ಮುಂದೇನೇ ಓಪನ್ ಮಾಡ್ಸಿ.

ಸ್ಪೇರ್ಸ್ ವಿಷ್ಯಾನೂ ಕೇಳ್ತೀರ ಗೊತ್ತು. ಕಾರು ಕಂಪನಿಗಳು ಎಲ್ಲಾ ಪಾರ್ಟೂ ತಾವೇ ಮಾಡಲ್ಲ, ಬಾಷ್, ವ್ಯಾಲಿಯೋ, ಲೂಕಾಸ್ ಟಿವಿಎಸ್ ಥರದೋರು ಮಾಡಿ ಕೊಡ್ತಾರೆ. ಕಂಪನಿ ಡಬ್ಬಿನಲ್ಲಿ ಒಂದು ರೇಟು, ತಯಾರಿಸ್ದೋರ ಸ್ವಂತ ಡಬ್ಬಿನಲ್ಲಿ ಎಷ್ಟೋ ಸಲ ಕಮ್ಮಿ ರೇಟು. ಬೆಂಗ್ಳೂರಲ್ಲಿ ಜೆ.ಸಿ. ರೋಡಿಗೆ ಹೋದ್ರೆ ಎರಡೂ ಸಿಗುತ್ತೆ, ಮೂರನೇದೂ ಸಿಗುತ್ತೆ, ಅದು ನಕಲಿ. ಬ್ರೇಕು, ಸ್ಟೀರಿಂಗಿಗೆ ಸಂಬಂಧ ಪಟ್ಟಿದ್ದು ಬಿಲ್ ಇಲ್ದೆ ಯಾವತ್ತೂ ತಗೋಬೇಡಿ, ಮನೆಯೋರನ್ನ ಮಕ್ಕಳನ್ನ ಕೂರಿಸ್ಕೊಂಡು ಓಡಾಡೋ ಗಾಡಿ ಅದು.

ವಾರಂಟಿ ಮುಗಿದ್ಮೇಲೆ ನಾನು ಹಂಚ್ಕೊಂಡು ಮಾಡಿಸ್ತೀನಿ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಶ್, ಬ್ಯಾಟ್ರಿ ಇವೆಲ್ಲ ನನ್ನ ಗೊತ್ತಿರೋ ಗ್ಯಾರೇಜಿಗೆ. ಏರ್‌ಬ್ಯಾಗು, ಎಂಜಿನ್ ನಡೆಸೋ ಇಸಿಯು ಅನ್ನೋ ಕಂಪ್ಯೂಟರಿನ ಸಾಫ್ಟ್‌ವೇರು, ಎರಡು ಕ್ಲಚ್ ಇರೋ ಆಟೋಮ್ಯಾಟಿಕ್, ಅಂದ್ರೆ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸು ಕಂಪನಿಗೆ. ಹೈಬ್ರಿಡ್ಡು, ಎಲೆಕ್ಟ್ರಿಕ್ ಗಾಡಿ ಇದ್ರೆ ಕಿತ್ತಳೆ ಬಣ್ಣದ ವೈರು ಇರುತ್ತಲ್ಲ, ಅದರಲ್ಲಿ ಪ್ರಾಣ ತೆಗೆಯೋ ವೋಲ್ಟೇಜ್ ಇರುತ್ತೆ, ಟ್ರೈನಿಂಗ್ ಆಗದೋರ ಕೈಲಿ ಮುಟ್ಟಿಸ್ಲೇಬೇಡಿ. ಇನ್ನೊಂದು, ರೀಕಾಲ್, ಅಂದ್ರೆ ಪಾರ್ಟಲ್ಲಿ ದೋಷ ಇದೆ ಅಂತ ಕಂಪನಿನೇ ಗಾಡಿಗಳನ್ನ ವಾಪಸ್ ಕರೆಸೋದು. ಎಲ್ಲಿ ಸರ್ವಿಸ್ ಮಾಡಿಸಿದ್ರೂ ಸರಿ, ವರ್ಷಕ್ಕೊಂದ್ಸಲ ಕಂಪನಿ ವೆಬ್‌ಸೈಟಲ್ಲಿ 17 ಅಕ್ಷರದ ಚಾಸಿಸ್ ನಂಬರ್ ಹಾಕಿ ನೋಡಿ, ನಿಮ್ಮ ಗಾಡಿ ಲಿಸ್ಟಲ್ಲಿದ್ರೆ ಶೋರೂಮೋರು ಫ್ರೀಯಾಗಿ ಪಾರ್ಟ್ ಬದಲಾಯಿಸ್ತಾರೆ.

ಗಾಡಿ ತಂದಿರೋರು ಕೆಳಗಡೆ ಬನ್ನಿ, ಬಾನೆಟ್ ತೆಗೀರಿ. ಎಂಜಿನ್ ತಣ್ಣಗಾಗಿರುತ್ತೆ ಈಗ, ಆಯಿಲ್ ಎಷ್ಟಿದೆ ಅಂತ ಅಳೆಯೋ ಡಿಪ್‌ಸ್ಟಿಕ್ ನೋಡೋದು ಹೆಂಗೆ, ಡ್ರೈನ್ ಬೋಲ್ಟ್ ಎಲ್ಲಿರುತ್ತೆ ಅಂತ ಒಬ್ಬೊಬ್ರಿಗೂ ತೋರಿಸ್ತೀನಿ.