ಅಂಗಳವಿಲ್ಲದ ಮಸೀದಿ: ಕಲಬುರಗಿ ಕೋಟೆಯ ಜಾಮಿ ಮಸೀದಿ

ಎಲ್ಲರಿಗೂ ನಮಸ್ಕಾರ.

ಕಲಬುರಗಿಯ ಜಾಮಿ ಮಸೀದಿಯ ಬಗ್ಗೆ ಯಾರನ್ನೇ ಕೇಳಿ, ಮೊದಲು ಬರುವ ಮಾತು ಒಂದೇ. "ಸ್ಪೇನ್ ದೇಶದ ಕಾರ್ಡೋಬಾ ಮಸೀದಿಯ ನಕಲು." ಗೈಡ್‌ಗಳು ಹೇಳುತ್ತಾರೆ, ಪ್ರವಾಸಿ ಪುಸ್ತಕಗಳಲ್ಲೂ ಇದೆ. ಕೇಳೋಕೆ ಚೆನ್ನಾಗಿದೆ. ಆದರೆ ನಾನು ಇದನ್ನು ನಂಬುವುದಿಲ್ಲ. ನಂಬಿದರೆ ಈ ಕಟ್ಟಡದ ನಿಜವಾದ ಸೊಗಸು ಕಣ್ಣಿಗೇ ಬೀಳುವುದಿಲ್ಲ.

ಮೊದಲು ಇತಿಹಾಸವನ್ನು ಬೇಗ ಮುಗಿಸೋಣ. 1347ರಲ್ಲಿ ದಖನ್ನಿನ ಸರದಾರರು ದೆಹಲಿಯ ತುಘಲಕ್ ಸುಲ್ತಾನನ ವಿರುದ್ಧ ದಂಗೆ ಎದ್ದರು. ಅಲಾವುದ್ದೀನ್ ಹಸನ್ ಬಹಮನ್ ಶಾ ಸ್ವತಂತ್ರನಾಗಿ ಗುಲ್ಬರ್ಗವನ್ನು ರಾಜಧಾನಿ ಮಾಡಿಕೊಂಡ. ಅವನ ಮಗ ಮೊದಲನೇ ಮುಹಮ್ಮದ್ ಶಾ 1358ರಿಂದ 1375ರವರೆಗೆ ಆಳಿದ. ಇವನ ಕಾಲದಲ್ಲೇ ವಿಜಯನಗರದ ಬುಕ್ಕರಾಯನ ಜೊತೆ ಕೃಷ್ಣಾ–ತುಂಗಭದ್ರೆಗಳ ನಡುವಿನ ನೆಲಕ್ಕಾಗಿ ದೊಡ್ಡ ಯುದ್ಧ ನಡೆಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1367ರಲ್ಲಿ, ಕೋಟೆಯೊಳಗೆ ಈ ಮಸೀದಿಯೂ ಎದ್ದಿತು. ಕಟ್ಟಿದವನ ಹೆಸರು ಶಾಸನದಲ್ಲಿದೆ: ರಫಿ, ಇರಾನಿನ ಕಜ್ವೀನ್ ಊರಿನವನು. ನಮ್ಮ ನಾಡಿನ ಎಷ್ಟೋ ಹಳೆಯ ಕಟ್ಟಡಗಳಲ್ಲಿ ಕಟ್ಟಿಸಿದ ರಾಜನ ಹೆಸರಷ್ಟೇ ಉಳಿದಿರುತ್ತದೆ, ಕಟ್ಟಿದವನದು ಇರುವುದಿಲ್ಲ. ಇಲ್ಲಿ ಅದು ಸಿಕ್ಕಿರುವುದು ನಮ್ಮ ಪುಣ್ಯ.

ಈಗ ಕಟ್ಟಡಕ್ಕೆ ಬರೋಣ.

ಸಾಮಾನ್ಯವಾಗಿ ದೊಡ್ಡ ಮಸೀದಿ ಎಂದರೆ ಏನು ನೆನಪಾಗುತ್ತದೆ? ಮಧ್ಯದಲ್ಲಿ ವಿಶಾಲವಾದ ಬಯಲು ಅಂಗಳ, ಅದರಲ್ಲೊಂದು ನೀರಿನ ಕೊಳ, ಸುತ್ತ ಮೂರು ಕಡೆ ಕಮಾನಿನ ಸಾಲು, ಪಶ್ಚಿಮಕ್ಕೆ ನಮಾಜಿನ ಹಾಲ್. ದೆಹಲಿ, ಅಹಮದಾಬಾದ್, ವಿಜಯಪುರ, ಎಲ್ಲ ಕಡೆ ಹೀಗೇ ಅಲ್ವಾ? ಕಲಬುರಗಿಯಲ್ಲಿ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲ, ಅಂದರೆ ಸುಮಾರು 38 ಸಾವಿರ ಚದರಡಿ ಜಾಗಕ್ಕೆ ಪೂರ್ತಿ ಚಾವಣಿ. ಮಿನಾರುಗಳೂ ಇಲ್ಲ. ಅಂಗಳ ಇರಬೇಕಾದ ಜಾಗದಲ್ಲಿ ಕಂಬಗಳ ಸಾಲು ಸಾಲು. ಪ್ರತಿ ನಾಲ್ಕು ಕಂಬಗಳ ಮೇಲೆ ಒಂದು ಚಿಕ್ಕ ಗುಮ್ಮಟ. ಇಂಥವು ಅರವತ್ತಕ್ಕೂ ಜಾಸ್ತಿ. ನಾಲ್ಕು ಮೂಲೆಗಳಲ್ಲಿ ಇನ್ನಷ್ಟು ದೊಡ್ಡ ಗುಮ್ಮಟಗಳು. ಮಿಹ್ರಾಬ್, ಅಂದರೆ ನಮಾಜಿನ ದಿಕ್ಕು ತೋರಿಸುವ ಗೋಡೆಯ ಗೂಡು, ಅದರ ಎದುರಿಗೆ, ಎತ್ತರಿಸಿದ ಚೌಕದ ಮೇಲೆ, ಎಲ್ಲಕ್ಕಿಂತ ದೊಡ್ಡದು.

ಇಷ್ಟು ದೊಡ್ಡ ಜಾಗವನ್ನು ಮುಚ್ಚಿದರೆ ಒಳಗೆ ಕತ್ತಲೆ ತಾನೇ? ಅಂಗಳ ಇದ್ದರೆ ಬೆಳಕು ನಡುವಿನಿಂದ ಬರುತ್ತದೆ, ಹೊರಗೋಡೆ ಗಟ್ಟಿಯಾಗಿ ಮುಚ್ಚಿದ್ದರೂ ನಡೆಯುತ್ತದೆ. ರಫಿ ಇದನ್ನು ತಿರುಗಿಸಿಬಿಟ್ಟ. ನಡುವೆ ಮುಚ್ಚಿದ, ಬದಿಗಳನ್ನು ತೆರೆದ. ಹೊರಗಿನ ಸಾಲುಗಳಲ್ಲಿ ದೊಡ್ಡ ದೊಡ್ಡ ತೆರೆದ ಕಮಾನುಗಳು. ಬೆಳಕು ಮತ್ತು ಗಾಳಿ ಅಲ್ಲಿಂದ ಒಳಗೆ ಬರುತ್ತವೆ. ಒಳಗೆಲ್ಲ ಬಿಳಿ ಗಾರೆ, ಕೆತ್ತನೆ ತೀರಾ ಕಡಿಮೆ. ಬಿಳಿ ಮೈ ಆ ಬೆಳಕನ್ನು ಕಂಬದಿಂದ ಕಂಬಕ್ಕೆ ದಾಟಿಸುತ್ತದೆ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಊರಿನಲ್ಲಿ ಮಧ್ಯಾಹ್ನದ ಶುಕ್ರವಾರದ ನಮಾಜಿಗೆ ಸಾವಿರಾರು ಜನ ಸೇರುವುದನ್ನು ಊಹಿಸಿ. ನೆರಳಿನ ಬೆಲೆ ಗೊತ್ತಾಗುತ್ತದೆ.

ಆ ಬದಿಯ ಕಮಾನುಗಳ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಬಹಳ ಅಗಲ, ಆದರೆ ಬಾಗು ಶುರುವಾಗುವುದು ತುಂಬಾ ಕೆಳಗೆ. ಕಂಬ ಮೇಲೆದ್ದಿತೋ ಇಲ್ಲವೋ ಅನ್ನುವಷ್ಟರಲ್ಲಿ ಕಮಾನು ಹೊರಳುತ್ತದೆ. ಇದು ಬರೀ ಅಂದಕ್ಕೆ ಮಾಡಿದ್ದಲ್ಲ. ಪ್ರತಿ ಗುಮ್ಮಟವೂ ಕೆಳಗೆ ಒತ್ತುವುದರ ಜೊತೆ ಪಕ್ಕಕ್ಕೂ ತಳ್ಳುತ್ತದೆ. ನಡುವಿನ ಗುಮ್ಮಟಗಳಿಗೆ ಚಿಂತೆ ಇಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಕೂತವರ ಹಾಗೆ, ಒಂದರ ತಳ್ಳನ್ನು ಇನ್ನೊಂದು ತಡೆಯುತ್ತದೆ. ಅಂಚಿಗೆ ಬಂದಾಗ ಆಚೆ ಕಡೆ ತಡೆಯೋಕೆ ಯಾರೂ ಇಲ್ಲ. ಅಲ್ಲಿ ಈ ತಗ್ಗು ಕಮಾನುಗಳೂ ದಪ್ಪ ಕಂಬಗಳೂ ಕೆಲಸಕ್ಕೆ ಬರುತ್ತವೆ. ಕಮಾನು ಕೆಳಗಿನಿಂದ ಶುರುವಾದಷ್ಟೂ ಅದರ ತಳ್ಳು ನೆಲಕ್ಕೆ ಹತ್ತಿರ ಬೀಳುತ್ತದೆ, ಕಂಬ ಮಗುಚುವ ಭಯ ಕಡಿಮೆ. ಆರೂವರೆ ಶತಮಾನ ನಿಂತಿರುವುದು ಸುಮ್ನೆ ಅಲ್ಲ.

ಇನ್ನು ಕಾರ್ಡೋಬಾ. ಅದನ್ನು ಕಟ್ಟಲು ಶುರು ಮಾಡಿದ್ದು ಎಂಟನೇ ಶತಮಾನದ ಕೊನೆಗೆ. ಅಲ್ಲಿರುವುದು ತೆಳ್ಳನೆಯ ದುಂಡು ಕಂಬಗಳು, ಅದರಲ್ಲೂ ಎಷ್ಟೋ ಹಳೆಯ ರೋಮನ್ ಕಟ್ಟಡಗಳಿಂದ ತಂದವು. ಮೇಲೆ ಕೆಂಪು ಬಿಳಿ ಪಟ್ಟೆಯ ಎರಡಂತಸ್ತಿನ ಕಮಾನು, ಅದರ ಮೇಲೆ ಮರದ ಚಾವಣಿ. ಇಲ್ಲಿ ಚೌಕನೆಯ ದಪ್ಪ ಕಂಬ, ಒಂದೇ ಅಂತಸ್ತಿನ ಕಮಾನು, ಮೇಲೆ ಗುಮ್ಮಟ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಡೋಬಾದಲ್ಲಿ ಅಂಗಳ ಇದೆ! ಕಿತ್ತಳೆ ಮರಗಳ ಆ ಅಂಗಳವೇ ಬಹಳ ಹೆಸರುವಾಸಿ. ಜೊತೆಗೆ 1236ರಲ್ಲೇ ಆ ಊರು ಕ್ರೈಸ್ತ ರಾಜರ ಕೈಸೇರಿ, ಮಸೀದಿ ಚರ್ಚ್ ಆಗಿತ್ತು. ಕಂಬಗಳು ಸಾಲಾಗಿ ಕಾಣುತ್ತವೆ ಅನ್ನುವುದು ಬಿಟ್ಟರೆ ಹೋಲಿಕೆಗೆ ಬೇರೆ ಆಧಾರ ನನಗೆ ಕಾಣುವುದಿಲ್ಲ.

ನಂಟು ಹುಡುಕಲೇಬೇಕೆಂದರೆ ದೆಹಲಿಯ ಕಡೆ ನೋಡುವುದು ಒಳ್ಳೆಯದು. ದಪ್ಪ ಗೋಡೆ, ತಗ್ಗು ಗುಮ್ಮಟ, ಅಲಂಕಾರವಿಲ್ಲದ ಗಾರೆ, ಇವೆಲ್ಲ ತುಘಲಕರ ಕಾಲದ ರೂಢಿ. ಫಿರೋಜ್ ಶಾ ತುಘಲಕನ ಕಾಲದ ಖಿಡ್ಕಿ ಮಸೀದಿಯಲ್ಲಿ ಚಾವಣಿ ಬಹುಪಾಲು ಮುಚ್ಚಿದೆ, ನಡುವೆ ನಾಲ್ಕು ಚಿಕ್ಕ ಅಂಗಳಗಳಷ್ಟೇ ಉಳಿದಿವೆ. ಮುಚ್ಚಿದ ಮಸೀದಿಯ ಯೋಚನೆ ಆ ಕಾಲದಲ್ಲಿ ಇತ್ತು ಅಂತಾಯಿತು. ಅದನ್ನು ಪೂರ್ತಿ ಕೊನೆಯವರೆಗೆ ಒಯ್ದಿದ್ದು ಕಲಬುರಗಿ.

ಆಮೇಲೆ ಏನಾಯಿತು? 15ನೇ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಬಹಮನಿ ರಾಜ್ಯ ಒಡೆಯಿತು. ವಿಜಯಪುರದಲ್ಲಿ ಮೊದಲನೇ ಅಲಿ ಆದಿಲ್ ಶಾ ತನ್ನ ಜಾಮಿ ಮಸೀದಿಯನ್ನು ಶುರು ಮಾಡಿದಾಗ ಮತ್ತೆ ಅಂಗಳವೇ ಬಂತು. ರಫಿಯ ಚಾವಣಿಯನ್ನು ಆ ಅಳತೆಯಲ್ಲಿ ದಖನ್ನಿನಲ್ಲಿ ಯಾರೂ ಮತ್ತೆ ಮಾಡಲಿಲ್ಲ. ನನಗೆ ತೋಚುವ ಕಾರಣ ಇಷ್ಟು. ಅಂಗಳ ಇದ್ದರೆ ಹಬ್ಬದ ದಿನ ಎಷ್ಟು ಜನ ಬಂದರೂ ಹಿಡಿಸುತ್ತದೆ, ವುಜೂ ಮಾಡಲು, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು, ನೀರಿನ ಕೊಳ ಮುಂದೆಯೇ ಸಿಗುತ್ತದೆ, ಮುಂಭಾಗ ಪೂರ್ತಿ ಕಾಣುವುದರಿಂದ ರಾಜನಿಗೂ ದೊಡ್ಡಸ್ತಿಕೆ. ಕಲಬುರಗಿಯಲ್ಲಿ ಕಂಬಗಳ ಮಧ್ಯೆ ದೊಡ್ಡ ಗುಮ್ಮಟ ಒಳಗಿನಿಂದ ತಟ್ಟನೆ ಕಾಣುವುದೇ ಇಲ್ಲ, ಮಿಹ್ರಾಬ್ ಹತ್ತಿರ ಹೋಗಬೇಕು. ಚಾವಣಿಯ ಖರ್ಚೂ ಸಣ್ಣದಲ್ಲ. ಅಷ್ಟು ಗುಮ್ಮಟಗಳ ನಡುವಿನ ತಗ್ಗುಗಳಲ್ಲಿ ಮಳೆನೀರು ನಿಲ್ಲದ ಹಾಗೆ ನೋಡಿಕೊಳ್ಳುವುದೂ ಸದಾ ಇರುವ ಕೆಲಸ.

ಅಗಲದ ಕಮಾನು ಮಾತ್ರ ಉಳಿದುಕೊಂಡಿತು. ಮುಂದಿನ ಸಲ ಬೀದರಿಗೋ ವಿಜಯಪುರಕ್ಕೋ ಹೋದಾಗ ಅಲ್ಲಿನ ಕಮಾನುಗಳು ಎಷ್ಟು ಎತ್ತರದಲ್ಲಿ ಬಾಗಲು ಶುರುವಾಗುತ್ತವೆ ನೋಡಿ, ಕಲಬುರಗಿಯವುಗಳ ಜೊತೆ ಹೋಲಿಸಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.