ಯಾರ ಮನೆ ಬಾಗಿಲು ತಟ್ಟಬೇಕು?

ಕೇಳುಗರಿಗೆ ನಮಸ್ಕಾರ.

ಇವತ್ತಿನ ವಿಷಯದ ಹೆಸರು ಸ್ವಲ್ಪ ಭಾರವಾಗಿಯೇ ಇದೆ: ಸಮಾಜಶಾಸ್ತ್ರದ ಪ್ರಮುಖ ಸೈದ್ಧಾಂತಿಕ ದೃಷ್ಟಿಕೋನಗಳ ಉಪಯುಕ್ತತೆ. ಹೆಸರು ಕೇಳಿದ ಕೂಡಲೇ ರೇಡಿಯೋದ ಕಿವಿ ಹಿಂಡಬೇಡಿ. ಈ ಮಾತು ಪದವಿ ತರಗತಿಯ ಹುಡುಗ ಹುಡುಗಿಯರಿಗೆ, ಅವರಿಗೆ ಪಾಠ ಹೇಳುವವರಿಗೆ, ಊರಿನ ಪಂಚಾಯ್ತಿಯಲ್ಲಿ ಕೂತು ತಲೆ ಕೆಡಿಸಿಕೊಳ್ಳುವವರಿಗೆ. ಅವರೆಕಾಯಿ ಬಿಡಿಸುತ್ತಾ ಕೇಳುತ್ತಿರುವವರಿಗೂ ಸಲ್ಲುತ್ತದೆ, ಯಾಕೆಂದರೆ ನಡುವೆ ಒಂದು ರಾಗಿ ಕಣದ ಲೆಕ್ಕ ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಒಂದು ಸಿದ್ಧಾಂತ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅಂತ ತಿಳಿಯಲು ಒಂದೇ ಪರೀಕ್ಷೆ ಸಾಕು. ಅದನ್ನು ಓದಿದ ಮೇಲೆ, ನಾಳೆ ಬೆಳಿಗ್ಗೆ ಯಾರ ಮನೆ ಬಾಗಿಲು ತಟ್ಟಬೇಕು, ತಟ್ಟಿ ಏನು ಕೇಳಬೇಕು ಅಂತ ನಿಮಗೆ ಗೊತ್ತಾಯಿತೇ? ಗೊತ್ತಾಗಿದ್ದರೆ ಅದು ಉಪಯುಕ್ತ. ಇಲ್ಲದಿದ್ದರೆ ಅದು ಹತ್ತು ಅಂಕದ ಉತ್ತರ, ಅಷ್ಟೆ.

ಪಠ್ಯದಲ್ಲಿ ಮೂರು ಹೆಸರು ಬರುತ್ತವೆ. ಕಾರ್ಯಾತ್ಮಕ ಸಿದ್ಧಾಂತ: ಸಮಾಜದ ಒಂದೊಂದು ಪದ್ಧತಿಯೂ ಯಾವುದೋ ಕೆಲಸ ಮಾಡುತ್ತಿರುತ್ತದೆ, ಆ ಕೆಲಸ ಯಾವುದು ಅಂತ ಹುಡುಕು ಅನ್ನುತ್ತದೆ. ಡರ್ಕ್‌ಹೀಮ್, ಪಾರ್ಸನ್ಸ್, ಮರ್ಟನ್ ಇದರ ದೊಡ್ಡ ಹೆಸರುಗಳು. ಸಂಘರ್ಷ ಸಿದ್ಧಾಂತ: ಮಾರ್ಕ್ಸ್‌ನಿಂದ ಬಂದದ್ದು, ಯಾರು ದುಡಿದರು, ಮಿಕ್ಕಿದ್ದು ಯಾರ ಕೈ ಸೇರಿತು ಅಂತ ಕೇಳುತ್ತದೆ. ಸಾಂಕೇತಿಕ ಅಂತರಕ್ರಿಯಾ ಸಿದ್ಧಾಂತ: ಮೀಡ್ ಅವರ ವಿಚಾರಗಳಿಂದ ಬೆಳೆದದ್ದು, 1937ರಲ್ಲಿ ಬ್ಲೂಮರ್ ಹೆಸರಿಟ್ಟದ್ದು, ಎದುರುಬದುರು ನಿಂತ ಇಬ್ಬರು ಒಬ್ಬರನ್ನೊಬ್ಬರು ಏನಂತ ಕರೆಯುತ್ತಾರೆ, ಆ ಮಾತಿಗೆ ಏನು ಅರ್ಥ ಕೊಟ್ಟುಕೊಳ್ಳುತ್ತಾರೆ ಅಂತ ನೋಡುತ್ತದೆ. ವ್ಯಾಖ್ಯೆ ಇಷ್ಟು ಸಾಕು. ಗೈಡಿನಲ್ಲಿ ಇದಕ್ಕೇ ನಾಲ್ಕು ಪುಟ ಇರುತ್ತದೆ. ಓದಿ, ಆದರೆ ಅಲ್ಲೇ ನಿಲ್ಲಬೇಡಿ.

ಈಗ ಮಂಡ್ಯಕ್ಕೆ ಹೋಗೋಣ.

1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನುವ ವಿದ್ವಾಂಸೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಹುಟ್ಟಿದ್ದು ವಿಯೆನ್ನಾದಲ್ಲಿ, ಕಲಿತದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ಅರ್ಥಶಾಸ್ತ್ರ ಬಲ್ಲವರಾದ್ದರಿಂದ ಮಾತು ಕೇಳಿಸಿಕೊಂಡು ಸುಮ್ಮನಾಗಲಿಲ್ಲ. ಹೊಲ, ಬೆಳೆ, ಮನೆಖರ್ಚು ಎಲ್ಲಕ್ಕೂ ಲೆಕ್ಕ ಇಟ್ಟರು. ಪುಸ್ತಕ ಬಂದದ್ದು 1962ರಲ್ಲಿ. ಅದರಲ್ಲಿ ಆ ಹಳ್ಳಿಗಳಿಗೆ ವಂಗಲ, ದಲೇನ ಅಂತ ಬೇರೆ ಹೆಸರು ಇಟ್ಟಿದ್ದಾರೆ. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ.

ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ನಾಲೆ ಆ ಸೀಮೆಗೆ ಬಂದಾಗ ವಂಗಲದ ಹೊಲಗಳಿಗೆ ನೀರು ಹರಿಯಿತು. ಅದು 1939ರ ಮಾತು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿತ್ತು. ಸುತ್ತಲೂ ಹಸಿರು, ನಡುವೆ ದಲೇನ ಮಾತ್ರ ಬೆದ್ದಲು. ಈಗ ನೀವೇ ಹೇಳಿ, ಯಾವ ಊರು ಹೆಚ್ಚು ಬದಲಾಯಿತು?

ನೀರು ಬಂದ ಊರು ಅಂತ ಎಲ್ಲರೂ ಹೇಳುತ್ತಾರೆ. ಆದದ್ದು ತಿರುವುಮುರುವು. ವಂಗಲದಲ್ಲಿ ಕಬ್ಬು, ಭತ್ತ ಬಂತು, ಕೈಯಲ್ಲಿ ದುಡ್ಡು ಓಡಾಡಿತು, ಆದರೆ ಒಕ್ಕಲಿಗ ಕುಟುಂಬಗಳಿಗೂ ಆದಿ ಕರ್ನಾಟಕ ಆಳುಮನೆಗಳಿಗೂ ನಡುವಿನ ಹಳೆಯ ಸಂಬಂಧ ಬಹುಮಟ್ಟಿಗೆ ಹಾಗೇ ಉಳಿಯಿತು. ನೀರಿಲ್ಲದ ದಲೇನದವರು ಮಂಡ್ಯದ ಕಡೆ ಮುಖ ಮಾಡಿದರು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಇಳಿದರು, ನೀರಾವರಿ ಇದ್ದ ಬೇರೆ ಊರುಗಳಲ್ಲಿ ಜಮೀನು ಕೊಂಡರು. ಅಲ್ಲಿ ಹಳೆಯ ಆಳು-ಒಡೆಯ ಸಂಬಂಧ ಸಡಿಲವಾಗಿ ಬಿಚ್ಚಿಕೊಂಡಿತು.

ಆ ಹಳೆಯ ಸಂಬಂಧ ಅಂದರೆ ಏನು ಅಂತ ಬಿಡಿಸಿ ನೋಡದೆ ಸಿದ್ಧಾಂತಗಳನ್ನು ಹೋಲಿಸಿ ಫಲವಿಲ್ಲ. ಮಂಡ್ಯ, ಮೈಸೂರು ಸೀಮೆಯಲ್ಲಿ ಆಳುಮನೆಯವರನ್ನು ಹಳೇಮಕ್ಕಳು ಅನ್ನುತ್ತಿದ್ದರು. ತಂದೆ ಯಾವ ಮನೆಗೆ ದುಡಿದನೋ ಮಗನೂ ಅದೇ ಮನೆಗೆ. ಹೊಲದ ಕೆಲಸವಷ್ಟೇ ಅಲ್ಲ, ಒಡೆಯರ ಮನೆಯ ಮದುವೆಗೂ ಸಾವಿಗೂ ಮಾಡಬೇಕಾದ ಕೆಲಸಗಳಿದ್ದವು. ಪ್ರತಿಫಲ ದಿನಗೂಲಿಯಲ್ಲ, ವರ್ಷಕ್ಕೆ ಇಷ್ಟು ಕಾಳು ಅಂತ ನಿಗದಿ. ಮಳೆ ಬಂದರೂ ಅಷ್ಟೇ, ಹೋದರೂ ಅಷ್ಟೇ. ಈ ನಿಗದಿಯ ಒಳಗುಟ್ಟನ್ನು ಎಪ್‌ಸ್ಟೈನ್ ಮುಂದೆ ಒಂದು ಲೇಖನದಲ್ಲಿ ವಿವರಿಸಿದರು. ಆ ತರ್ಕವನ್ನು ಸುಲಭದ ಅಂಕಿಗಳಲ್ಲಿ ಹೇಳುತ್ತೇನೆ. ಅಂಕಿ ಉದಾಹರಣೆಗೆ ಮಾತ್ರ. ಪೆನ್ನು ಹತ್ತಿರವಿದ್ದರೆ ತೆಗೆದುಕೊಳ್ಳಿ.

ಹತ್ತು ಮನೆ ಅಂತಿಟ್ಟುಕೊಳ್ಳಿ. ಒಂದು ಒಡೆಯನ ಮನೆ, ಒಂಬತ್ತು ಆಳುಮನೆ. ಒಳ್ಳೆಯ ವರ್ಷ ಕಣಕ್ಕೆ 100 ಪಲ್ಲ ರಾಗಿ ಬರುತ್ತದೆ, ಬರದ ವರ್ಷ 40. ಪಲ್ಲ ಅಂದರೆ ಕಾಳಿನ ಹಳೆಯ ಅಳತೆ. ಆಳುಮನೆಗೆ ವರ್ಷಕ್ಕೆ 4 ಪಲ್ಲ ನಿಗದಿ. ಒಂಬತ್ತು ಮನೆಗೆ 36. ಬರ ಬಂದ ವರ್ಷ ಒಡೆಯನಿಗೆ ಉಳಿಯುವುದು ಎಷ್ಟು? 4 ಪಲ್ಲ. ಅಂದರೆ ಒಡೆಯನೂ ಒಂದೇ, ಆಳೂ ಒಂದೇ; ಆ ವರ್ಷ ಊರಿನಲ್ಲಿ ಯಾರೂ ಹಸಿದು ಸಾಯುವುದಿಲ್ಲ. ಒಳ್ಳೆಯ ವರ್ಷ? ಆಳಿಗೆ ಅದೇ 4, ಒಡೆಯನಿಗೆ 64.

ಈ ಎರಡು ಸಾಲಿನ ಲೆಕ್ಕವನ್ನು ಮೂರು ಸಿದ್ಧಾಂತದವರ ಮುಂದೆ ಇಡಿ.

ಕಾರ್ಯಾತ್ಮಕದವನು ಬರದ ವರ್ಷದ ಸಾಲಿನ ಮೇಲೆ ಬೆರಳಿಡುತ್ತಾನೆ. ನೋಡಿ, ಇದು ಬರಕ್ಕೆ ಮಾಡಿಕೊಂಡ ವಿಮೆ. ನಿಗದಿಯ ಅಳತೆ ಬರದ ವರ್ಷದ ಬೆಳೆಗೆ ಸರಿಹೊಂದಿದೆ, ಅದಕ್ಕೇ ಪದ್ಧತಿ ಇಷ್ಟು ಕಾಲ ಬಾಳಿತು ಅನ್ನುತ್ತಾನೆ. ಆತ ನಿಮ್ಮನ್ನು ಕಳಿಸುವುದು ಊರಿನ ಹಿರಿಯರ ಮನೆಗೆ. ಕೇಳಬೇಕಾದ ಪ್ರಶ್ನೆ: "ಈ ಪದ್ಧತಿ ನಿಂತರೆ ಏನು ಕೆಡುತ್ತದೆ?" ವಂಗಲ ಯಾಕೆ ಬದಲಾಗಲಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರವಿದೆ. ನೀರಾವರಿ ಬಂದ ಮೇಲೆ ಹೊಲದಲ್ಲಿ ಇನ್ನೂ ಹೆಚ್ಚು ಕೈ ಬೇಕಾಯಿತು. ಕಬ್ಬು, ಭತ್ತಕ್ಕೆ ಹೊತ್ತಿಗೆ ಸರಿಯಾಗಿ ಆಳು ಸಿಗಬೇಕು, ಹಳೇಮಕ್ಕಳಿದ್ದರೆ ಆ ಚಿಂತೆಯಿಲ್ಲ. ಹೊಸ ಬೆಳೆ ಹಳೆಯ ಏರ್ಪಾಟಿನೊಳಗೇ ಕೂತಿತು. ದಲೇನದಲ್ಲಿ ಒಡೆಯರೇ ಮಂಡ್ಯಕ್ಕೆ ಹೊರಟ ಮೇಲೆ ಆ ಏರ್ಪಾಟಿಗೆ ಕೆಲಸ ಉಳಿಯಲಿಲ್ಲ.

ಸಂಘರ್ಷದವನು ಒಳ್ಳೆಯ ವರ್ಷದ ಸಾಲಿನ ಮೇಲೆ ಬೆರಳಿಡುತ್ತಾನೆ. ಹತ್ತು ವರ್ಷ ಕೂಡು ಅನ್ನುತ್ತಾನೆ. ಮೂರು ವರ್ಷ ಬರ, ಏಳು ವರ್ಷ ಬೆಳೆ. ಒಡೆಯನಿಗೆ ಏಳು ಅರವತ್ನಾಲ್ಕಲ 448, ಜೊತೆಗೆ ಬರದ ಮೂರು ವರ್ಷದ 12, ಒಟ್ಟು 460 ಪಲ್ಲ. ಒಂದು ಆಳುಮನೆಗೆ 40. ಹನ್ನೊಂದೂವರೆ ಪಟ್ಟು. ವಿಮೆ ಅಂದೆಯಲ್ಲ, ಅದಕ್ಕೆ ಆಳು ಕಟ್ಟಿದ ಕಂತು ಎಷ್ಟು ನೋಡು ಅನ್ನುತ್ತಾನೆ. ಆತ ಕಳಿಸುವುದು ಪಹಣಿ ಇರುವ ಕಚೇರಿಗೆ ಮತ್ತು ಆಳುಮನೆಗೆ, ಅದೂ ಸುಗ್ಗಿ ಮುಗಿದ ವಾರದಲ್ಲಿ. ಪ್ರಶ್ನೆ: "ನಾಲೆ ನೀರು ಯಾವ ಸರ್ವೆ ನಂಬರಿಗೆ ಹರಿಯಿತು, ಆ ನಂಬರು ಯಾರ ಹೆಸರಿನಲ್ಲಿದೆ?"

ಮೂರನೆಯವನಿಗೆ ಪಲ್ಲ, ಕೊಳಗ ಬೇಡ. ಅವನು ಕಣದ ಮೂಲೆಯಲ್ಲಿ ನಿಂತು ಮಾತು ಕೇಳುತ್ತಾನೆ. ಹಳೇಮಗ. ಆ ಪದವನ್ನೇ ಹಿಡಿಯುತ್ತಾನೆ. ಎಪ್ಪತ್ತು ವರ್ಷದ ಮುದುಕ ಮೂವತ್ತರ ಒಡೆಯನಿಗೆ ಮಗ ಹೇಗಾದ? ಯಾರು ಯಾರನ್ನು ಏಕವಚನದಲ್ಲಿ ಕರೆದರು? ಕಾಳು ಅಳೆಯುವಾಗ ಯಾರು ಕೂತಿದ್ದರು, ಯಾರು ಬಗ್ಗಿ ಒಡ್ಡಿದರು? ಕೊಟ್ಟದ್ದು ಕೂಲಿ ಅನ್ನಿಸಿತೋ, ದಯೆ ಅನ್ನಿಸಿತೋ? ಕೂಲಿ ಅಂತಾದರೆ ಕಡಿಮೆ ಬಿದ್ದಾಗ ಜಗಳ ಆಡಬಹುದು. ದಯೆ ಅಂತಾದರೆ ತಲೆ ತಗ್ಗಿಸಬೇಕು. 460ಕ್ಕೂ 40ಕ್ಕೂ ಇರುವ ಅಂತರ ಗೊತ್ತಿದ್ದೂ ಜನ ಯಾಕೆ ಸುಮ್ಮನಿದ್ದರು ಅನ್ನುವುದಕ್ಕೆ ಸಂಘರ್ಷದವನ ಲೆಕ್ಕದ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಈ ಒಂದು ಪದದಲ್ಲಿ ಸ್ವಲ್ಪ ಸಿಗುತ್ತದೆ.

ಮೂರು ಸಿದ್ಧಾಂತ, ಮೂರು ಬಾಗಿಲು, ಮೂರು ಪ್ರಶ್ನೆ. ಪರೀಕ್ಷೆಯಲ್ಲಿ ಮಕ್ಕಳು "ಮೂರೂ ದೃಷ್ಟಿಕೋನಗಳು ತಮ್ಮ ತಮ್ಮ ರೀತಿಯಲ್ಲಿ ಉಪಯುಕ್ತವಾಗಿವೆ" ಅಂತ ಬರೆದು ಕೆಳಗೆ ಗೆರೆ ಎಳೆಯುತ್ತಾರೆ. ದಯವಿಟ್ಟು ಹಾಗೆ ಬರೆಯಬೇಡಿ. ಗುದ್ದಲಿ, ಕುಡುಗೋಲು, ಮೊರ ತಮ್ಮ ತಮ್ಮ ರೀತಿಯಲ್ಲಿ ಉಪಯುಕ್ತ ಅಂದರೆ ಯಾವ ರೈತ ಕೇಳುತ್ತಾನೆ? ಯಾವ ಕೆಲಸಕ್ಕೆ ಯಾವುದು ಮೊದಲು ಅಂತ ಹೇಳಬೇಕು.

ನನ್ನ ಕ್ರಮ ಇದು. ಒಂದು ಪದ್ಧತಿ ಯಾಕೆ ಇನ್ನೂ ನಿಂತಿದೆ ಅಂತ ತಿಳಿಯಬೇಕಾದರೆ ಕಾರ್ಯಾತ್ಮಕದಿಂದ ಶುರುಮಾಡಿ. ಅದರಿಂದ ಯಾರಿಗೆ ಎಷ್ಟು ಅಂತ ತಿಳಿಯಬೇಕಾದರೆ ಸಂಘರ್ಷ. ಲೆಕ್ಕಕ್ಕೂ ನಡವಳಿಕೆಗೂ ತಾಳೆಯಾಗದಿದ್ದರೆ ಅಂತರಕ್ರಿಯೆ. ಒಂದನ್ನೇ ಆರಿಸಿ ಅಂದರೆ ಸಂಘರ್ಷ ಅನ್ನುತ್ತೇನೆ, ಯಾಕೆಂದರೆ ಅದು ಅಳೆಯುವ ಕೆಲಸ ಹಚ್ಚುತ್ತದೆ. ಅಳತೆ ತಪ್ಪಿದ್ದರೆ ಇನ್ನೊಬ್ಬರು ಹೋಗಿ ಅಳೆದು ತಪ್ಪು ಅನ್ನಬಹುದು.

ಎಡವುವುದು ಎಲ್ಲಿ? ಕಾರ್ಯಾತ್ಮಕದವರು 'ಕೆಲಸ ಮಾಡುತ್ತದೆ' ಅನ್ನುವುದರಿಂದ 'ಒಳ್ಳೆಯದು' ಅನ್ನುವುದಕ್ಕೆ ಗೊತ್ತಿಲ್ಲದೇ ಜಾರುತ್ತಾರೆ. ಇದಕ್ಕೆ ಮದ್ದನ್ನು ಆ ಮನೆಯವನೇ ಆದ ಮರ್ಟನ್ 1949ರಲ್ಲೇ ಕೊಟ್ಟ: ಕೆಲಸ ಮಾಡುತ್ತದೆ ಸರಿ, ಯಾರಿಗೆ? ಸಂಘರ್ಷದವರು ಉತ್ತರವನ್ನು ಬಸ್ಸು ಹತ್ತುವಾಗಲೇ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಬರದ ವರ್ಷದ ಸಾಲನ್ನು ನೋಡುವುದೇ ಇಲ್ಲ. ಅಂತರಕ್ರಿಯೆಯವರು ಚಹಾ ಅಂಗಡಿಯಲ್ಲಿ ಒಂದು ವಾರ ಕೂತು ಸೊಗಸಾದ ಮಾತುಗಳನ್ನು ಬರೆದುಕೊಂಡು ಬರುತ್ತಾರೆ, ಪಹಣಿ ಮಾತ್ರ ತೆರೆದಿರುವುದಿಲ್ಲ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಗೊತ್ತಲ್ಲ. ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್ ಬ್ರೌನ್ ಅನ್ನುವ ಮಾನವಶಾಸ್ತ್ರಜ್ಞರ ಹತ್ತಿರ ಕಾರ್ಯಾತ್ಮಕ ಪಾಠ ಕಲಿತು, 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋದರು. ಪುಸ್ತಕದಲ್ಲಿ ಅದರ ಹೆಸರು ರಾಂಪುರ. ಬಿಡಾರ ಹೂಡಿದ್ದು ಊರಿನ ಪಟೇಲರಿಗೆ ಸೇರಿದ ಎತ್ತಿನ ಮನೆಯಲ್ಲಿ. ಅಲ್ಲಿದ್ದುಕೊಂಡು ಎಲ್ಲ ಕೇರಿಯ ಬಾಗಿಲನ್ನೂ ಒಂದೇ ಸಲೀಸಾಗಿ ತಟ್ಟಲು ಆಗುವುದಿಲ್ಲ. ತಾವು ಊರನ್ನು ಮೇಲುಜಾತಿಯ, ಜಮೀನುದಾರರ ಕಡೆಯಿಂದಲೇ ಹೆಚ್ಚು ನೋಡಿದ್ದು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಹಾಗಿದ್ದೂ ಅವರು ಕೊಟ್ಟ 'ಪ್ರಬಲ ಜಾತಿ' ಅನ್ನುವ ಪರಿಕಲ್ಪನೆ, ಅಂದರೆ ಜನಸಂಖ್ಯೆ, ಜಮೀನು, ಅಧಿಕಾರ ಒಂದೇ ಜಾತಿಯ ಕೈಯಲ್ಲಿ ಕೂಡುವುದು, ಇವತ್ತಿಗೂ ಪ್ರತಿ ಚುನಾವಣೆಯಲ್ಲಿ ಪತ್ರಿಕೆಗಳಿಗೆ ಬೇಕಾಗುತ್ತದೆ. ಹಾಗಾಗಿ ಮೊದಲ ಪ್ರಶ್ನೆ ಸಿದ್ಧಾಂತ ಯಾವುದು ಅಂತಲ್ಲ, ನೀವು ಇಳಿದುಕೊಂಡಿರುವುದು ಯಾರ ಮನೆಯಲ್ಲಿ ಅಂತ.

ಸಮಯ ಹತ್ತಿರ ಬಂತು. ಸಮಾಜಶಾಸ್ತ್ರದ ಇನ್ನೊಂದು ದೊಡ್ಡ ಹೆಸರಾದ ವೇಬರ್ ಉಳಿದುಹೋದ, ಕ್ಷಮೆಯಿರಲಿ. ಆದರೆ ಸ್ತ್ರೀವಾದಿ ದೃಷ್ಟಿಕೋನವನ್ನು ಬಿಟ್ಟು ಏಳುವಂತಿಲ್ಲ. 'ಮನೆಗೆ 4 ಪಲ್ಲ' ಅಂತ ಅಷ್ಟು ಹೊತ್ತು ಲೆಕ್ಕ ಹಾಕಿದೆವಲ್ಲ, ಮನೆ ಅಂದರೆ ಯಾರು? ಆ ರಾಗಿ ಬೀಸಿದವರು ಯಾರು, ಕೊನೆಗೆ ಉಂಡವರು ಯಾರು, ಮುದ್ದೆ ಸಾಲದೆ ಹೋದ ದಿನ ಯಾರ ತಟ್ಟೆ ಖಾಲಿ ಉಳಿಯಿತು? ಮೊದಲ ಮೂವರೂ ತಲೆಬಾಗಿಲಿನಲ್ಲೇ ನಿಂತು ಮಾತಾಡಿಸಿ ಹೊರಟರು. ಹಿತ್ತಲ ಬಾಗಿಲು ತಟ್ಟಲು ಹೇಳುವುದು ಇದೊಂದೇ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಿಮ್ಮೂರಿನ ಪಡಿತರ ಅಂಗಡಿಯನ್ನೇ ತೆಗೆದುಕೊಳ್ಳಿ. ನಲವತ್ತು ಪುಟದ ನೋಟ್‌ಬುಕ್ಕು ಸಾಕು. ಹತ್ತು ಹತ್ತು ಪುಟದ ನಾಲ್ಕು ಭಾಗ ಮಾಡಿ. ಒಂದೊಂದು ಭಾಗದ ಮೊದಲ ಸಾಲಿನಲ್ಲಿ ಒಂದೊಂದು ದೃಷ್ಟಿಕೋನದ ಪ್ರಶ್ನೆ ಬರೆಯಿರಿ, ಒಂದೇ ವಾಕ್ಯ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲೇಬೇಕು. ಅದರ ಕೆಳಗೆ ಯಾರನ್ನು ಕೇಳಬೇಕು, ಯಾವ ದಾಖಲೆ ನೋಡಬೇಕು. ಮೂರನೇ ಸಾಲಿನಲ್ಲಿ, ಏನು ಕಂಡರೆ ನನ್ನ ಊಹೆ ತಪ್ಪು ಅಂತ ಒಪ್ಪುತ್ತೇನೆ ಅನ್ನುವುದು. ಈ ಮೂರನೇ ಸಾಲು ಬರೆಯಲು ಬಾರದಿದ್ದರೆ ಪ್ರಶ್ನೆಯನ್ನೇ ಹೊಡೆದುಹಾಕಿ ಮತ್ತೆ ಬರೆಯಿರಿ. ಅಕ್ಕಿ ಕೊಡುವ ದಿನ ಬಾಗಿಲು ತೆಗೆಯುವುದಕ್ಕೆ ಮುಂಚೆಯೇ ಹೋಗಿ ಸರದಿಯಲ್ಲಿ ನಿಲ್ಲಿ. ಯಾರು ಚೀಲ ಇಟ್ಟು ಮನೆಗೆ ಹೋದರು, ಯಾರ ಚೀಲವನ್ನು ಹಿಂದಕ್ಕೆ ತಳ್ಳಿದರು, ಹೆಬ್ಬೆಟ್ಟು ಯಂತ್ರ ಕೈಕೊಟ್ಟಾಗ ಯಾರನ್ನು ನಾಳೆ ಬಾ ಅಂದರು, ಯಾರನ್ನು ಕೂತುಕೊಳ್ಳಿ ಅಂದರು, ನೋಡಿ. ಮೊದಲ ದಿನ ಪೆನ್ನು ಜೇಬಿನಲ್ಲೇ ಇರಲಿ. ಹೊರಗೆ ತೆಗೆದರೆ ಅಂಗಡಿಯವನು ಕೂತುಕೊಳ್ಳಿ ಅನ್ನುವುದು ನಿಮಗೆ.

ನಮಸ್ಕಾರ.